ಬಿಂದಿಗೆಯ ತಳ ಯಾಕೆ ಚಪ್ಪಟೆಯಾಗುತ್ತದೆ? ಕಲಾ ಕಾಲೇಜಿನ ಪ್ರಶ್ನೋತ್ತರ

ದೃಶ್ಯಕಲೆ, ವಿನ್ಯಾಸ ಓದುತ್ತಿರುವವರು ಮತ್ತು ಓದಬೇಕೆಂದಿರುವವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಪತ್ರಗಳಲ್ಲಿ ಪದೇ ಪದೇ ಕಾಣುವ ಮಾತು, ‘ನನಗೆ ಕೈ ಪಳಗಿಲ್ಲವೇನೋ’ ಎಂಬ ಅಳುಕು. ಬಿಡಿಸಿ ನೋಡಿದರೆ ತಪ್ಪು ಹೆಚ್ಚಿನ ಸಲ ಕೈಯದಲ್ಲ. ಕೂತ ಜಾಗದ್ದು, ಅಂಟಿನದು, ಯಾವುದರ ಮೇಲೆ ಯಾವುದನ್ನು ಬಳಿದಿರಿ ಎಂಬುದರದ್ದು.

ಪ್ರಶ್ನೆ: ದ್ವಿತೀಯ ಪಿಯು ವಿಜ್ಞಾನ ಓದುತ್ತಿದ್ದೇನೆ. ಬಿ.ವಿ.ಎ. (ದೃಶ್ಯಕಲಾ ಪದವಿ) ಸೇರಲೋ, ಬಿ.ಡೆಸ್. (ವಿನ್ಯಾಸ ಪದವಿ) ಸೇರಲೋ ಗೊತ್ತಾಗುತ್ತಿಲ್ಲ. ಎರಡರ ಪ್ರವೇಶ ಪರೀಕ್ಷೆಗೂ ಒಂದೇ ತಯಾರಿ ಸಾಕೇ?
(ವಿದ್ಯಾರ್ಥಿನಿ, ಹಾವೇರಿ)

ಸಾಲದು. ಎರಡೂ ಪೆನ್ಸಿಲ್ ಹಿಡಿಯುವ ಓದು ಎಂಬುದನ್ನು ಬಿಟ್ಟರೆ ಪರೀಕ್ಷೆಗಳು ಕೇಳುವುದೇ ಬೇರೆ.

ಬಿ.ವಿ.ಎ. 4 ವರ್ಷದ್ದು. ಮೊದಲು ಎಲ್ಲರಿಗೂ ರೇಖಾಚಿತ್ರ, ಬಣ್ಣ, ಜೇಡಿಮಣ್ಣು, ಮುದ್ರಣ, ಪ್ರಾಥಮಿಕ ವಿನ್ಯಾಸ ಹೇಳಿಕೊಟ್ಟು, ಆಮೇಲೆ ಒಂದು ವಿಭಾಗಕ್ಕೆ ಕಳಿಸುತ್ತಾರೆ: ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ, ಕಲಾ ಇತಿಹಾಸ ಹೀಗೆ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು ಈ ದಾರಿಯವು. ಒಂದು ಎಚ್ಚರಿಕೆ: ಇಲ್ಲಿ ‘ಗ್ರಾಫಿಕ್ಸ್’ ಎಂದರೆ ಕಂಪ್ಯೂಟರ್ ಅಲ್ಲ, ಲೋಹದ ತಗಡು, ಮರದ ಹಲಗೆ, ಕಲ್ಲಿನಿಂದ ತೆಗೆಯುವ ಮುದ್ರಣಕಲೆ. ಲೋಗೊ, ಪೋಸ್ಟರ್ ಮಾಡಬೇಕೆಂದಿದ್ದರೆ ನಿಮಗೆ ಬೇಕಾದದ್ದು ಅನ್ವಯಿಕ ಕಲೆ. ಪ್ರವೇಶಕ್ಕೆ ಎದುರಿಗಿಟ್ಟ ವಸ್ತುಗಳ ಚಿತ್ರಣ, ಕಲ್ಪನೆಯ ಸಂಯೋಜನೆ, ನಿಮ್ಮ ಕೆಲಸಗಳ ಕಡತ ಮತ್ತು ಸಂದರ್ಶನ ಸಾಮಾನ್ಯ.

ಬಿ.ಡೆಸ್.ಗೆ ದೇಶಮಟ್ಟದ ಪರೀಕ್ಷೆಗಳಿವೆ. ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಗೆ ಯಾವ ವಿಭಾಗದ ಪಿಯುಸಿಯಾದರೂ ಆಗುತ್ತದೆ. ಮೊದಲ ಭಾಗ ಕಂಪ್ಯೂಟರಿನಲ್ಲಿ 2 ಗಂಟೆ, 200 ಅಂಕ: ಆಕಾರ ತಿರುಗಿಸುವುದು, ಗಮನಿಸುವುದು, ತರ್ಕ, ಭಾಷೆ. ಎರಡನೆಯದು ಕಾಗದದ ಮೇಲೆ 1 ಗಂಟೆ, 100 ಅಂಕ. ಮೊದಲ ಭಾಗದಲ್ಲಿ ದಾಟದಿದ್ದರೆ ನೀವು ಬರೆದ ಚಿತ್ರವನ್ನು ಯಾರೂ ತೆರೆದು ನೋಡುವುದಿಲ್ಲ. ಚಿತ್ರ ಚೆನ್ನಾಗಿ ಬರೆಯುವವರು ಎಡವುವುದು ಇಲ್ಲೇ. ವಿನ್ಯಾಸ ಸಂಸ್ಥೆ ಎನ್‌ಐಡಿಯ ಎರಡನೇ ಸುತ್ತಿನಲ್ಲೂ ಫ್ಯಾಷನ್ ಸಂಸ್ಥೆ ನಿಫ್ಟ್‌ನ ಸಿಚುಯೇಶನ್ ಟೆಸ್ಟಿನಲ್ಲೂ ಕೊಟ್ಟ ಸಾಮಗ್ರಿಯಿಂದ ಏನನ್ನಾದರೂ ಕಟ್ಟಿ ತೋರಿಸಬೇಕು.

ತಯಾರಿಗೆ ಒಂದು ಅಭ್ಯಾಸ ಹೇಳುತ್ತೇವೆ. ಈಳಿಗೆಮಣೆಯನ್ನು ಮೂರು ಕಡೆಯಿಂದ ನೋಡಿ ಬರೆಯಿರಿ. ನಾಲ್ಕನೆಯ ಕಡೆಯನ್ನು ನೋಡದೆ, ಊಹಿಸಿ ಬರೆಯಿರಿ. ಆಮೇಲೆ ಮಣೆ ತಿರುಗಿಸಿ ತಾಳೆ ಹಾಕಿ. ದಿನಕ್ಕೊಂದು ವಸ್ತು, ಎರಡು ತಿಂಗಳು. ಆಯ್ಕೆಯ ಮಾತು: ಒಂದೇ ಚಿತ್ರದ ಮುಂದೆ ವಾರಗಟ್ಟಲೆ ಕೂರಲು ಬೇಸರವಿಲ್ಲವಾದರೆ ಬಿ.ವಿ.ಎ. ಬಕೆಟ್ಟಿನ ಹಿಡಿ ಅಂಗೈ ಕೊಯ್ಯುವುದನ್ನು ಕಂಡು ಕೈ ತುರಿಸುವುದಾದರೆ ಬಿ.ಡೆಸ್.

ಪ್ರಶ್ನೆ: ಫೋಟೊ ನೋಡಿ ಬರೆದರೆ ಚೆನ್ನಾಗಿ ಬರುತ್ತದೆ. ಎದುರಿಗೆ ಬಿಂದಿಗೆ, ಬುಟ್ಟಿ ಇಟ್ಟು ಬರೆಯಿರಿ ಅಂದರೆ ಎಲ್ಲ ವಾಲುತ್ತದೆ. ಬಿಂದಿಗೆ ಮೇಜಿನ ಮೇಲೆ ಕೂತಂತೆ ಕಾಣುವುದೇ ಇಲ್ಲ.
(ಮೊದಲ ವರ್ಷದ ಬಿ.ವಿ.ಎ., ದಾವಣಗೆರೆ)

ಫೋಟೊದಲ್ಲಿ ಕಷ್ಟದ ಕೆಲಸವನ್ನು ಕ್ಯಾಮೆರಾ ಮುಗಿಸಿಬಿಟ್ಟಿರುತ್ತದೆ: ಮೂರು ಆಯಾಮ ಎರಡಾಗಿದೆ, ಕಣ್ಣು ಒಂದೇ ಕಡೆ ನಿಂತಿದೆ. ಎದುರಿನ ವಸ್ತುವಿನ ಮುಂದೆ ನಿಮ್ಮ ತಲೆ ಕಾಗದಕ್ಕೊಮ್ಮೆ ಬಗ್ಗಿ ಬಿಂದಿಗೆಗೊಮ್ಮೆ ಏಳುತ್ತದೆ. ಪ್ರತಿ ಸಲ ಎದ್ದಾಗಲೂ ಕಾಣುವುದು ಸ್ವಲ್ಪ ಬೇರೆಯೇ ಬಿಂದಿಗೆ.

ಮೊದಲು ಕೂರುವುದನ್ನು ಸರಿಮಾಡಿ. ವಸ್ತುವಿನ ಎತ್ತರದ ಮೂರು ಪಟ್ಟಾದರೂ ದೂರ ಇರಿ. ಹಲಗೆಯನ್ನು ತೊಡೆಯ ಮೇಲೆ ಮಲಗಿಸಬೇಡಿ. ಮಲಗಿಸಿದರೆ ಅದರ ಮೇಲಂಚು ಕಣ್ಣಿಗೆ ದೂರವಾಗಿ ಕುಗ್ಗಿ ಕಾಣುತ್ತದೆ. ಕೈ ಅದನ್ನು ಸರಿದೂಗಿಸಲು ಹೋಗಿ ಉದ್ದ ಬರೆಯುತ್ತದೆ. ಎತ್ತಿ ನಿಲ್ಲಿಸಿದಾಗ ನೋಡಿ, ಬಿಂದಿಗೆ ಹೂಜಿಯಾಗಿರುತ್ತದೆ. ಹಲಗೆ ಹೆಚ್ಚುಕಡಿಮೆ ನೆಟ್ಟಗೆ, ತಲೆ ಎತ್ತದೆ ಕಣ್ಣು ಹೊರಳಿಸಿದರೆ ವಸ್ತು ಕಾಣುವಂತೆ ಇರಲಿ.

ಅಳತೆಗೆ ಮೊಣಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳಿನಿಂದ ಅಗಲ ಗುರುತಿಸಿ. ಆ ಅಗಲ ಎತ್ತರದಲ್ಲಿ ಎಷ್ಟು ಸಲ ಹಿಡಿಸುತ್ತದೆ ನೋಡಿ. ಮೊಣಕೈ ಮಡಿಸಿ ಅಳೆದರೆ ಪ್ರತಿ ಅಳತೆಯೂ ಸುಳ್ಳು. ಎಚ್‌ಬಿಯಲ್ಲಿ ಹಗುರ ಗೆರೆ. ಮೊದಲ 10 ನಿಮಿಷ ರಬ್ಬರ್ ಮುಟ್ಟಬೇಡಿ, ತಪ್ಪು ಗೆರೆಯ ಪಕ್ಕದಲ್ಲೇ ಸರಿಯಾದದ್ದು ಎಳೆಯಿರಿ.

ಇನ್ನು ಬಿಂದಿಗೆ. ನಡುವೆ ಒಂದು ನೆಟ್ಟನೆಯ ಗೆರೆ ಎಳೆದು ಎಡ ಬಲ ಸಮ ಮಾಡಿ. ಬಾಯಿ ಒಂದು ದೀರ್ಘವೃತ್ತ. ಅದರ ಎರಡು ತುದಿ ಬಾದಾಮಿಯಂತೆ ಚೂಪಾಗಬಾರದು, ತಿರುವು ಗುಂಡಗೇ ಇರಬೇಕು. ಮುಖ್ಯ ತಪ್ಪು ತಳದಲ್ಲಿ: ಬಿಂದಿಗೆ ಸಪಾಟು ಮೇಜಿನ ಮೇಲಿದೆ ಎಂದು ಗೊತ್ತಿರುವುದರಿಂದ ತಳಕ್ಕೆ ಅಡ್ಡಗೆರೆ ಎಳೆಯುತ್ತೀರಿ. ಆದರೆ ತಳವೂ ವೃತ್ತವೇ. ಕಣ್ಣಿನ ಮಟ್ಟದಿಂದ ಬಾಯಿಗಿಂತ ಕೆಳಗಿರುವುದರಿಂದ ನೀವು ಅದನ್ನು ಇನ್ನಷ್ಟು ಮೇಲಿಂದ ನೋಡುತ್ತಿದ್ದೀರಿ. ಹಾಗಾಗಿ ತಳದ ಕಮಾನು ಬಾಯಿಯದಕ್ಕಿಂತ ಹೆಚ್ಚು ಬಾಗಬೇಕು. ಅನುಮಾನವಿದ್ದರೆ ಲೋಟವನ್ನು ಕಣ್ಣಿನ ಮಟ್ಟದಿಂದ ನಿಧಾನ ಕೆಳಗಿಳಿಸಿ: ಗೆರೆಯಂತಿದ್ದ ಬಾಯಿ ತೆರೆದುಕೊಳ್ಳುತ್ತಾ ಹೋಗುತ್ತದೆ. ಈ ಒಂದು ಗೆರೆ ಬಾಗಿದರೆ ಬಿಂದಿಗೆ ಕೂರುತ್ತದೆ.

ನೆರಳನ್ನು ಬೆರಳಿನಿಂದ ಉಜ್ಜಬೇಡಿ. ಚರ್ಮದ ಜಿಡ್ಡು ಕಾಗದಕ್ಕಿಳಿದು ಕಲೆಯಾಗುತ್ತದೆ, ರಬ್ಬರಿಗೂ ಬಗ್ಗುವುದಿಲ್ಲ.

ಪ್ರಶ್ನೆ: ಇದ್ದಿಲ ಕಡ್ಡಿಗೆ ತಿಂಗಳಿಗೆ ಬಹಳ ಖರ್ಚಾಗುತ್ತಿದೆ. ಮನೆಯಲ್ಲೇ ಮಾಡಬಹುದೇ?
(ವಿದ್ಯಾರ್ಥಿ, ಚಾಮರಾಜನಗರ)

ಧಾರಾಳವಾಗಿ. ಹಳೆಯ ಮೈಸೂರು ಚಿತ್ರಕಾರರು ಹುಣಸೆಯ ನೇರ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟೇ ಕರಡು ಗೆರೆ ಎಳೆಯುತ್ತಿದ್ದರು. ಪೆನ್ಸಿಲ್ ದಪ್ಪದ ಹುಣಸೆ ಕಡ್ಡಿಗಳ ಸಿಪ್ಪೆ ಸುಲಿದು, ಒಂದು ವಾರ ನೆರಳಲ್ಲಿ ಒಣಗಿಸಿ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಗೆ ಸಂದಿಲ್ಲದಂತೆ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದೇ ಒಂದು ತೂತು ಹೊಡೆಯಿರಿ. ಬಯಲಲ್ಲಿ ಸೌದೆ ಬೆಂಕಿಗಿಡಿ. ಮೊದಲು ತೂತಿನಿಂದ ಬಿಳಿ ಹಬೆ, ಆಮೇಲೆ ಉರಿಯುವ ಅನಿಲ ಬರುತ್ತದೆ. ಅದು ಪೂರ್ತಿ ನಿಂತಾಗ ಇಳಿಸಿ, ತೂತಿಗೆ ಒದ್ದೆ ಮಣ್ಣು ಮೆತ್ತಿ.

ಕೆಡುವುದು ಅವಸರದಿಂದ. ಬಿಸಿಯಿರುವಾಗಲೇ ಮುಚ್ಚಳ ತೆಗೆದರೆ ಗಾಳಿ ಸಿಕ್ಕು ಕಡ್ಡಿಗಳು ಕಣ್ಣೆದುರೇ ಬೂದಿ. ಮಾರನೇ ಬೆಳಗ್ಗೆ ತೆಗೆಯಿರಿ. ಕಡ್ಡಿ ಕಂದು ಗೆರೆ ಬಿಟ್ಟು ಕಾಗದ ಗೀರಿದರೆ ಬೇಯುವುದು ಸಾಲಲಿಲ್ಲ. ಮುಟ್ಟಿದರೆ ಪುಡಿಯಾದರೆ ಹೆಚ್ಚಾಯಿತು. ಬಣ್ಣ ಹಚ್ಚಿದ ಅಥವಾ ಒಳಗೆ ಲೇಪವಿರುವ ಡಬ್ಬಿ ಬೇಡ, ಹೊಗೆ ವಿಷ.

ಪ್ರಶ್ನೆ: ಕಾಟನ್ ಬಟ್ಟೆಗೆ ಬಿಳಿ ಗೋಂದು ಮತ್ತು ಚಾಕ್ ಪುಡಿ ಬಳಿದು ತೈಲವರ್ಣದ ಚಿತ್ರ ಬರೆದೆ. ಸಮಯವಿಲ್ಲದೆ ಕೊನೆಯ ಬೆಳಕಿನ ಭಾಗಗಳನ್ನು ಅಕ್ರಿಲಿಕ್‌ನಲ್ಲಿ ಮುಗಿಸಿದೆ. ಆರು ತಿಂಗಳಲ್ಲಿ ಬಿರುಕು, ಅಲ್ಲಲ್ಲಿ ಸಿಪ್ಪೆ. ಮಳೆಗಾಲದಲ್ಲಿ ಕ್ಯಾನ್ವಾಸ್ ಜೋಲೂ ಬಿದ್ದಿದೆ.
(ಮೂರನೇ ವರ್ಷ, ತೀರ್ಥಹಳ್ಳಿ ಕಡೆಯವರು)

ಸಿಪ್ಪೆ ಏಳುತ್ತಿರುವುದು ಅಕ್ರಿಲಿಕ್. ಅದು ನೀರು ಆರಿ ಒಣಗುವ ಪ್ಲಾಸ್ಟಿಕ್ ಪೊರೆ. ಎಣ್ಣೆಯ ಮೇಲೆ ಹಿಡಿಯುವುದಿಲ್ಲ. ಅಕ್ರಿಲಿಕ್ ಮೇಲೆ ತೈಲ ಬರಬಹುದು, ತೈಲದ ಮೇಲೆ ಅಕ್ರಿಲಿಕ್ ಎಂದಿಗೂ ಕೂಡದು. ಆ ಭಾಗಗಳನ್ನು ಮೆಲ್ಲಗೆ ಕೆರೆದು ತೈಲದಲ್ಲೇ ಮತ್ತೆ ಬರೆಯಿರಿ. ಬೇರೆ ಉಪಾಯವಿಲ್ಲ.

ಬಿರುಕಿಗೆ ಕಾರಣ ಪದರಗಳ ಕ್ರಮ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿದ್ದಷ್ಟೂ ನಿಧಾನ. ಕೆಳಗೆ ಎಣ್ಣೆ ಸುರಿದು ಮೇಲೆ ಟರ್ಪೆಂಟೈನ್‌ನಲ್ಲಿ ತೆಳು ಮಾಡಿದ ಬಣ್ಣ ಹಾಕಿದರೆ ಮೇಲಿನದು ಮೊದಲು ಗಟ್ಟಿಯಾಗುತ್ತದೆ, ಕೆಳಗಿನದು ಇನ್ನೂ ಅಲುಗಾಡುತ್ತಿರುತ್ತದೆ. ಹಾಲಿನ ಕೆನೆ ಸುಕ್ಕುಗಟ್ಟಿ ಒಡೆಯುವುದು ನೆನಪಿಸಿಕೊಳ್ಳಿ. ಮೊದಲ ಪದರಕ್ಕೆ ಟರ್ಪೆಂಟೈನ್ ಮಾತ್ರ, ಎರಡನೆಯದಕ್ಕೆ 3 ಪಾಲು ಟರ್ಪೆಂಟೈನ್‌ಗೆ 1 ಪಾಲು ಎಣ್ಣೆ, ಮೂರನೆಯದಕ್ಕೆ ಸಮಸಮ. ಬಣ್ಣಗಳಿಗೂ ಸ್ವಭಾವವಿದೆ. ಬರ್ನ್ಟ್ ಅಂಬರ್ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ಕ್ರಿಮ್ಸನ್ ತಡ. ಕರಿಯನ್ನು ದಪ್ಪಗೆ ಕೆಳಪದರಕ್ಕೆ ಹಾಕಿದ ಚಿತ್ರಗಳೇ ಹೆಚ್ಚು ಬಿರಿಯುವುದು.

ನಿಮ್ಮ ತಳಲೇಪವನ್ನೂ ಪರೀಕ್ಷಿಸಿ. ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಥಟ್ಟನೆ ಹೀರಿದರೆ ಚಾಕ್ ಹೆಚ್ಚು: ಎಣ್ಣೆಯನ್ನೂ ಹಾಗೆಯೇ ಹೀರಿ ಬಣ್ಣವನ್ನು ಪುಡಿಪುಡಿ ಮಾಡುತ್ತದೆ. ಕೆಸುವಿನ ಎಲೆಯ ಮೇಲಿನಂತೆ ಉರುಳಿದರೆ ಗೋಂದು ಹೆಚ್ಚು: ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಹನಿ ಒಂದು ಕ್ಷಣ ನಿಂತು ನಿಧಾನ ಇಳಿಯಬೇಕು. ಅಂತಿಮ ವರ್ಷದ ಪ್ರದರ್ಶನಕ್ಕೆ ಮಾತ್ರ ಅಂಗಡಿಯ ಸಿದ್ಧ ತಳಲೇಪ, ಅಂದರೆ ಅಕ್ರಿಲಿಕ್ ಗೆಸ್ಸೊ ಕೊಳ್ಳಿ. ತೆಳುವಾಗಿ 3 ಕೈ, ಒಂದು ಅಡ್ಡ ಒಂದು ಉದ್ದ, ನಡುವೆ 220 ನಂಬರಿನ ಉಪ್ಪುಕಾಗದ.

ಜೋಲಿಗೆ ಮಲೆನಾಡಿನ ತೇವವೇ ಕಾರಣ. ಮಳೆಗಾಲದಲ್ಲಿ ತಮಟೆಯಂತೆ ಎಳೆದು ಕಟ್ಟಿದರೆ ಬೇಸಿಗೆಯಲ್ಲಿ ಬಿಗಿದು ಚೌಕಟ್ಟಿನ ಮೂಲೆ ತಿರುಚುತ್ತದೆ. ಬಡಗಿಗೆ ಮೂಲೆಗಳನ್ನು ಮೊಳೆ ಹೊಡೆದು ಕೂಡಿಸದೆ ಬೆಣೆ ಹಾಕುವಂತೆ ಮಾಡಲು ಹೇಳಿ. ಬೆಣೆ ತಟ್ಟಿದರೆ ಬಿಗಿ. ಪಟ್ಟಿಯ ಒಳ ಅಂಚು ಇಳಿಜಾರಾಗಿರಲಿ, ಇಲ್ಲದಿದ್ದರೆ ಅದರ ಗೆರೆ ಚಿತ್ರದಲ್ಲಿ ಮೂಡುತ್ತದೆ. 3 ಅಡಿ ದಾಟಿದರೆ ನಡುವೆ ಅಡ್ಡಪಟ್ಟಿ ಬೇಕು.

ಇನ್ನೊಂದು, ನೀವು ಕೇಳದಿದ್ದರೂ: ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆಮ್ಲಜನಕ ಹೀರುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು ತಾನೇ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಪ್ರಶ್ನೆ: ಜೇಡಿಮಣ್ಣಿನ ತಲೆ ಭಟ್ಟಿಯಲ್ಲಿ ಸಿಡಿದು ಚೂರಾಯಿತು. ಒಳಗೆ ಗಾಳಿ ಇತ್ತು ಎನ್ನುತ್ತಾರೆ. ನಿಜವೇ?
(ಶಿಲ್ಪ ವಿಭಾಗ, ಕಲಬುರಗಿ)

ಗಾಳಿಗೆ ಸುಮ್ಮನೆ ಕೆಟ್ಟ ಹೆಸರು. ಸಿಡಿಸುವುದು ನೀರು. 100 ಡಿಗ್ರಿ ದಾಟಿದಾಗ ನೀರು ಸುಮಾರು 1,700 ಪಟ್ಟು ಜಾಗ ಬೇಡುವ ಹಬೆಯಾಗುತ್ತದೆ; ಮಣ್ಣು ಅಷ್ಟು ಬೇಗ ದಾರಿ ಬಿಡುವುದಿಲ್ಲ. ತಲೆ ಅರೆ ಒಣಗಿದಾಗ ತಂತಿಯಿಂದ ಕೊಯ್ದು ಒಳಗನ್ನು ತೋಡಿ, ಗೋಡೆ ಎಲ್ಲ ಕಡೆ ಸುಮಾರು 2 ಸೆಂ.ಮೀ. ಉಳಿಸಿ, ಗೀರಿ ಕೆಸರು ಹಚ್ಚಿ ಕೂಡಿಸಿ. ಮೂಗು, ಜಡೆ ಇರುವ ಕಡೆ ದಪ್ಪ ಉಳಿಯುತ್ತದೆ, ಅಲ್ಲೇ ಸಿಡಿಯುವುದು. ತಳದಲ್ಲಿ ತೂತಿರಲಿ. ಒಳಗಿನ ತಂತಿ, ಕಡ್ಡಿ ತೆಗೆಯಿರಿ: ಮಣ್ಣು ಕುಗ್ಗುತ್ತದೆ, ತಂತಿ ಕುಗ್ಗುವುದಿಲ್ಲ. ಹಳೇ ಹಂಚು ಕುಟ್ಟಿದ ಪುಡಿ 15ರಿಂದ 20 ಶೇಕಡ ಬೆರೆಸಿದರೆ ಹಬೆಗೆ ದಾರಿ.

ಒಣಗಿದೆಯೇ ಎಂದು ನೋಡಲು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗಿದ್ದರೆ ಇನ್ನೂ ನೀರಿದೆ. ಬೆಂಕಿ ಕೊಡುವಾಗ 100ರ ಒಳಗೆ 3–4 ಗಂಟೆ ನಿಲ್ಲಿಸಿ. ಆರುವಾಗ 573 ಡಿಗ್ರಿಯ ಆಸುಪಾಸು ಮಣ್ಣಿನ ಸ್ಫಟಿಕ ಒಮ್ಮೆಲೇ ಕುಗ್ಗುತ್ತದೆ. ಕುತೂಹಲಕ್ಕೆ ಭಟ್ಟಿ ಬಾಗಿಲು ತೆರೆದವರಿಗೆ ‘ಟಣ್’ ಎಂಬ ಸದ್ದು ಕೇಳಿಸುವುದು ಆಗಲೇ.

ಪ್ರಶ್ನೆ: ಕನ್ನಡ ಪೋಸ್ಟರ್ ಮಾಡುವುದೇ ತಲೆನೋವು. ನುಡಿ ತಂತ್ರಾಂಶದಲ್ಲಿ ಟೈಪಿಸಿದ್ದನ್ನು ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಸ. ಯೂನಿಕೋಡ್ ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ಮುದ್ರಿಸಿದಾಗ ಬಣ್ಣವೂ ಮಂಕು.
(ಅನ್ವಯಿಕ ಕಲೆ, ಎರಡನೇ ವರ್ಷ, ಬೆಂಗಳೂರು)

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿರುತ್ತವೆ. ಫಾಂಟ್ ಬದಲಾಯಿಸಿದ ಕೂಡಲೇ ಮನೆಯೊಡೆಯ ಕಾಣಿಸಿಕೊಳ್ಳುತ್ತಾನೆ. ಪಠ್ಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿ, ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ತಿದ್ದಿ. ಪರಿವರ್ತಕ ಎಡವುವುದು ‘ಸೂರ್ಯ’, ‘ಕಾರ್ಯ’ಗಳಲ್ಲಿ.

ಒತ್ತು ಒಡೆಯುವುದು ತಂತ್ರಾಂಶಕ್ಕೆ ಅಕ್ಷರ ಜೋಡಿಸಲು ಹೇಳದೇ ಇದ್ದುದರಿಂದ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿ. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಶೋ ಇಂಡಿಕ್ ಆಪ್ಶನ್ಸ್’ ಗುರುತು ಹಾಕಿ, ಆಮೇಲೆ ಪ್ಯಾರಾಗ್ರಾಫ್ ಫಲಕದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಕಂಪೋಸರ್ ಆರಿಸಿ. ಉಚಿತವಾದ ಇಂಕ್‌ಸ್ಕೇಪ್ ಇದನ್ನೆಲ್ಲ ಕೇಳದೆಯೇ ಸರಿ ಜೋಡಿಸುತ್ತದೆ. ಹೊಸ ಫಾಂಟ್ ಸಿಕ್ಕಾಗ ಮೊದಲು ‘ರಾಷ್ಟ್ರ, ಸ್ತ್ರೀ, ಸೂಕ್ಷ್ಮ, ಕೀರ್ತಿ’ ಬರೆದು ನೋಡಿ. ಇವು ದಾಟಿದರೆ ಉಳಿದವು ದಾಟುತ್ತವೆ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಉಚಿತ ಮತ್ತು ನಂಬಬಹುದಾದವು.

ಇನ್ನು ಇಂಗ್ಲಿಷ್ ಪುಸ್ತಕದ ಪಾಠವನ್ನು ಕನ್ನಡಕ್ಕೆ ಹೇರುವ ತಪ್ಪುಗಳು. ಅಕ್ಷರಗಳ ನಡುವಿನ ಜಾಗ ಹಿಗ್ಗಿಸಬೇಡಿ: ‘ಕೋ’ದ ದೀರ್ಘ ಬೇರೆ ತುಂಡಾಗಿರುವುದರಿಂದ ‘ಕೊ’ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಹೋಗುತ್ತದೆ. ಸಾಲಿನ ಅಂತರ ಧಾರಾಳ ಬೇಕು. 14 ಪಾಯಿಂಟ್ ಅಕ್ಷರಕ್ಕೆ 20–21. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಚುಚ್ಚುತ್ತದೆ. ಒತ್ತು ಕೊಟ್ಟು ಹೇಳಲು ಅಕ್ಷರ ವಾಲಿಸಬೇಡಿ, ದಪ್ಪ ಅಥವಾ ಬಣ್ಣ ಬದಲಿಸಿ. ಶೀರ್ಷಿಕೆಗೆ ಹೊರಗೆರೆ ಕೊಡುವಾಗ ಅಕ್ಷರದ ತುಂಡುಗಳು ಒಂದರ ಮೇಲೊಂದು ಬಿದ್ದ ಕಡೆ ಗೆರೆ ಒಳಗೇ ಹಾಯುತ್ತದೆ; ಮೊದಲು ಆಕಾರಕ್ಕೆ ಪರಿವರ್ತಿಸಿ, ಪಾತ್‌ಫೈಂಡರ್‌ನಲ್ಲಿ ‘ಯುನೈಟ್’ ಮಾಡಿ, ಆಮೇಲೆ ಹೊರಗೆರೆ. ಊರಿನ ಫ್ಲೆಕ್ಸುಗಳಲ್ಲಿ ಅರ್ಧಕ್ಕರ್ಧ ಈ ಹಂತ ಬಿಟ್ಟವು.

ಬಣ್ಣ ಮಂಕಾಗುವುದು ಪರದೆಯ ಆರ್‌ಜಿಬಿಯಲ್ಲಿ ಮಾಡಿ ಕಳಿಸಿದ್ದರಿಂದ. ಕಡತ ತೆರೆಯುವಾಗಲೇ ಮುದ್ರಣದ ನಾಲ್ಕು ಶಾಯಿಯ ಸಿಎಂವೈಕೆ ಇಡಿ, ಚಿತ್ರಗಳು ಮುದ್ರಣದ ಅಳತೆಯಲ್ಲಿ 300 ಡಿಪಿಐ, ಸುತ್ತ 3 ಮಿ.ಮೀ. ಹೆಚ್ಚುವರಿ ಅಂಚು. ಸಣ್ಣ ಕಪ್ಪು ಅಕ್ಷರ ಬರೀ ಕಪ್ಪು ಶಾಯಿ 100 ಇರಲಿ. ನಾಲ್ಕು ಶಾಯಿ ಬೆರೆಸಿದ ಕಪ್ಪಾದರೆ ಮುದ್ರಣ ಕೂದಲೆಳೆ ಸರಿದರೂ ಒತ್ತಕ್ಷರಕ್ಕೆ ಬಣ್ಣದ ನೆರಳು.

ಪ್ರಶ್ನೆ: ಎಚಿಂಗ್ (ಆಮ್ಲದಿಂದ ಲೋಹದ ತಗಡು ಕೊರೆದು ಮುದ್ರಿಸುವುದು) ಅಭ್ಯಾಸಕ್ಕೆ ನೈಟ್ರಿಕ್ ಆಮ್ಲ ಮನೆಯಲ್ಲಿ ಇಟ್ಟುಕೊಳ್ಳಬಹುದೇ?
(ಗ್ರಾಫಿಕ್ಸ್ ವಿಭಾಗ, ಮೈಸೂರು)

ಬೇಡ. ಅದರ ಕಂದು ಹೊಗೆ ಗಂಟೆಗಳ ನಂತರವೂ ಶ್ವಾಸಕೋಶ ಕೆಡಿಸಬಲ್ಲದು. ಮನೆಯಲ್ಲಿ ಮೆತ್ತಗಿನ ಲಿನೋ ಹಾಳೆ ಕೊರೆಯಿರಿ, ಅಥವಾ ಅಕ್ರಿಲಿಕ್ ಹಾಳೆಯ ಮೇಲೆ ಸೂಜಿಯಿಂದ ನೇರ ಗೀರಿ ಡ್ರೈಪಾಯಿಂಟ್ ಮಾಡಿ. ಕಾಲೇಜಿನಲ್ಲೂ ತಾಮ್ರಕ್ಕೆ ಫೆರಿಕ್ ಕ್ಲೋರೈಡ್ ಒಳ್ಳೆಯದು. ತಗಡನ್ನು ಮುಖ ಕೆಳಗೆ ಮಾಡಿ ತೇಲಿಸಿ, ಇಲ್ಲದಿದ್ದರೆ ಗಸಿ ಗೆರೆಯೊಳಗೆ ಕೂತು ಕೊರೆತ ನಿಲ್ಲುತ್ತದೆ. ನೈಟ್ರಿಕ್ ಬಳಸಲೇಬೇಕಾದ ದಿನ ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ.

ಪ್ರಶ್ನೆ: ಪೋರ್ಟ್‌ಫೋಲಿಯೊಗೆ ಚಿತ್ರಗಳ ಫೋಟೊ ತೆಗೆದರೆ ಅಂಚು ಬಾಗುತ್ತದೆ, ಬಣ್ಣ ಹಳದಿ.
(ವಿದ್ಯಾರ್ಥಿನಿ, ಶಿರಸಿ)

ಬೆಳಗ್ಗೆ ಹತ್ತರ ಹೊತ್ತಿಗೆ ಜಗಲಿಯ ನೆರಳಲ್ಲಿ, ಮನೆಯ ಬಲ್ಬು ಆರಿಸಿ ತೆಗೆಯಿರಿ. ಮೊಬೈಲು ಚಿತ್ರದ ನಡುಮಟ್ಟದಲ್ಲಿ, ಅದಕ್ಕೆ ಸಮಾಂತರವಾಗಿರಲಿ. ಹತ್ತಿರ ಹೋಗದೆ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ, ಬಾಗುವುದು ನಿಲ್ಲುತ್ತದೆ. ಪಕ್ಕದಲ್ಲೊಂದು ಬಿಳಿ ಕಾಗದ ಅಂಟಿಸಿದ್ದರೆ ಆಮೇಲೆ ಬಣ್ಣ ಸರಿಮಾಡಲು ಅದೇ ಆಧಾರ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರಶ್ನೆ: ಕಲಾ ಇತಿಹಾಸದಲ್ಲಿ ಬಾದಾಮಿ, ಬೇಲೂರು, ಹಂಪಿ ಶೈಲಿಗಳ ವ್ಯತ್ಯಾಸ ಎಷ್ಟು ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ಕಲಸಿಹೋಗುತ್ತದೆ.
(ಕನ್ನಡ ಮಾಧ್ಯಮದ ವಿದ್ಯಾರ್ಥಿ, ಗದಗ)

ರಾಜವಂಶದಿಂದ ಶುರುಮಾಡಬೇಡಿ, ಕಲ್ಲಿನಿಂದ ಮಾಡಿ. ಬಾದಾಮಿಯದು ಕೆಂಪು ಮರಳುಗಲ್ಲು. ಬಂಡೆಯನ್ನೇ ಒಳಗೆ ಕೊರೆದದ್ದು. 3ನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಅಲ್ಲಿಯ ದೇಹಗಳು ದೊಡ್ಡ, ತುಂಬಿದ, ಸರಳ ಆಕಾರದವು. ನಿಮ್ಮ ಕಣ್ಣಿಗೆ ಮೊದಲು ಕಾಣುವುದು ಮೈ, ಒಡವೆ ಆಮೇಲೆ. 1117ರ ಬೇಲೂರಿನ ಚೆನ್ನಕೇಶವ ದೇಗುಲದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಹಾಗಾಗಿ ಮಣಿಹಾರದ ಹಿಂದೆಯೂ ಉಳಿ ಹೋಗಿ ಕೊರೆಯಲು ಸಾಧ್ಯವಾಯಿತು, ಕಂಬಗಳನ್ನು ತಿರುಗಣೆಯಲ್ಲಿ ತಿರುಗಿಸಿ ನುಣುಪು ಮಾಡಲೂ ಆಯಿತು. ದಾಸೋಜ, ಚಾವಣರಂಥ ಶಿಲ್ಪಿಗಳು ಹೆಸರನ್ನೂ ಕೆತ್ತಿದರು. ಹಂಪಿಯಲ್ಲಿ ಗ್ರಾನೈಟ್: ಗಟ್ಟಿ, ಕಾಳುಕಾಳು. ಸಣ್ಣ ಒಡವೆ ಕೆತ್ತಲು ಹೋದರೆ ಚಕ್ಕೆ ಎದ್ದುಬಿಡುತ್ತದೆ. ಅದಕ್ಕೇ ಅಲ್ಲಿ ಆಕಾರಗಳು ದಪ್ಪ. ಸೂಕ್ಷ್ಮ ಅಲಂಕಾರ ಬೇಕಾದ ಗೋಪುರಗಳಲ್ಲಿ ಇಟ್ಟಿಗೆ ಗಾರೆ ಬಂತು.

ಉತ್ತರ ಬರೆಯುವಾಗ ಅಂಚಿನಲ್ಲಿ 2 ಇಂಚಿನ ಒಂದು ಗೆರೆಚಿತ್ರ ಹಾಕಿ, ಬಾಣದ ಗುರುತಿಟ್ಟು ಕನ್ನಡದಲ್ಲೇ ವಿವರಿಸಿ. ಓದುವ ಮೊದಲು ಒಂದು ತುಂಡು ಬಳಪ, ಒಂದು ಮರಳುಗಲ್ಲಿನ ಚೂರು, ರಸ್ತೆ ಬದಿಯ ಒಂದು ಗ್ರಾನೈಟ್ ಜಲ್ಲಿ ತಂದಿಟ್ಟುಕೊಂಡು, ಮೂರರ ಮೇಲೂ ಒಂದೇ ಮೊಳೆಯಿಂದ ಒಂದು ಹೂವಿನ ಎಸಳು ಗೀರಲು ನೋಡಿ. ಹತ್ತು ನಿಮಿಷದ ಕೆಲಸ. ಗದಗಿನಲ್ಲಿದ್ದೀರಿ, ಮರಳುಗಲ್ಲಿಗೆ ಬಾದಾಮಿ ದೂರವಿಲ್ಲ. ಆದರೆ ಗುಡಿಯ ಕಲ್ಲು ಮುಟ್ಟಬೇಡಿ, ಅಂಗಡಿಯ ಹಾಸುಗಲ್ಲಿನ ಚೂರು ಸಾಕು.